ಮಳೆಗಾಲದ ಕಾಳು: ಪರ್ವದಿನಗಳ ಅಡಿಗೆಯಲ್ಲಿ ದ್ವಿದಳ ಧಾನ್ಯಗಳ ವಿಚಾರ

ಅಷ್ಟಮಿ, ಚತುರ್ದಶಿಗಳಂದು ಹಸಿರು ಕಾಯಿಪಲ್ಯಗಳನ್ನು ತ್ಯಜಿಸುವ ನಿಯಮವು ನಮ್ಮ ಅನೇಕ ಮನೆಗಳಲ್ಲಿ ತಲೆಮಾರುಗಳಿಂದ ನಡೆದುಬಂದಿದೆ. ಭಾದ್ರಪದ ಶುಕ್ಲ ಪಂಚಮಿಯಿಂದ ಚತುರ್ದಶಿಯವರೆಗಿನ ದಶಲಕ್ಷಣ ಪರ್ವದ ಹತ್ತು ದಿನಗಳಲ್ಲಿಯೂ ಹಸಿರನ್ನು ಮುಟ್ಟದ ಶ್ರಾವಕ ಶ್ರಾವಿಕೆಯರು ತುಮಕೂರು, ಗುಬ್ಬಿ, ಕುಣಿಗಲುಗಳ ಕಡೆಯಲ್ಲಿ ಇಂದಿಗೂ ಇದ್ದಾರೆ. ಸೊಪ್ಪಿಲ್ಲ, ಕಾಯಿಯಿಲ್ಲ, ಗೆಡ್ಡೆಗೆಣಸುಗಳಂತೂ ಎಂದೂ ಇಲ್ಲ. ಹಾಗಿರುವಾಗ ಅಂದಿನ ಮುದ್ದೆಗಾಗಲಿ ಅನ್ನಕ್ಕಾಗಲಿ ಜೊತೆಯಾಗಿ ಉಳಿಯುವುದು ಒಣಗಿದ ಕಾಳುಗಳು ಮಾತ್ರ. ಹುರುಳಿ, ಅವರೆ, ಅಲಸಂದೆ, ಹೆಸರು, ತೊಗರಿ, ಕಡಲೆ, ಉದ್ದು ಇವೇ ಪರ್ವದಿನದ ಅಡಿಗೆಮನೆಯ ಆಧಾರ. ದೇಹಪೋಷಣೆಯ ದೃಷ್ಟಿಯಿಂದಲೂ ಈ ಆಧಾರ ದುರ್ಬಲವಾದುದಲ್ಲ. 100 ಗ್ರಾಂ ರಾಗಿಯಲ್ಲಿ ಸಸಾರಜನಕ ಸುಮಾರು 7 ಗ್ರಾಂ ಇದ್ದರೆ, ಅಷ್ಟೇ ತೂಕದ ಹುರುಳಿಯಲ್ಲಿ ಸುಮಾರು 22 ಗ್ರಾಂ, ಹೆಸರು ಮತ್ತು ಅಲಸಂದೆಗಳಲ್ಲಿ 24 ಗ್ರಾಂ, ಒಣ ಅವರೆಯಲ್ಲಿ 25 ಗ್ರಾಮಿನಷ್ಟಿರುತ್ತದೆ. ಏಕಾಶನ ಮಾಡುವವರ ಒಂದು ಹೊತ್ತಿನ ಊಟದಲ್ಲಿ ಇದು ಸಣ್ಣ ಮಾತಲ್ಲ.

ಆದರೆ ಇಲ್ಲಿ ಒಂದು ಸೂಕ್ಷ್ಮವಿದೆ. ನಾವು ಬಿಟ್ಟ ಸೊಪ್ಪು ಕಾಯಿಗಳು ಏಕೇಂದ್ರಿಯ ಜೀವಗಳು. ಅವುಗಳ ಬದಲು ಒಲೆಯ ಮೇಲಿಟ್ಟ ಕಾಳಿನೊಳಗೆ ಹುಳುವೊಂದು ಅಡಗಿದ್ದರೆ ಅದು ತ್ರಸಜೀವ. ಏಕೇಂದ್ರಿಯದ ಹಿಂಸೆಯನ್ನು ತಗ್ಗಿಸಹೊರಟು ತ್ರಸಹಿಂಸೆಗೆ ಕೈಹಾಕಿದಂತಾದರೆ ಆ ನಿಯಮದಿಂದ ಬಂದ ಲಾಭವೇನು?

ಇದು ಕೇವಲ ತರ್ಕದ ಮಾತಲ್ಲ. ಕೆಲವು ವರ್ಷಗಳ ಹಿಂದೆ ತುಮಕೂರಿನ ನಮ್ಮ ಮನೆಯಲ್ಲಿ ನಡೆದುದನ್ನೇ ಹೇಳುತ್ತೇನೆ. ನಮ್ಮ ಅತ್ತೆಯವರು ಅನಂತ ಚತುರ್ದಶಿಯ ಉಪವಾಸ ಮಾಡಿ, ಮರುದಿನ ಹುಣ್ಣಿಮೆಯಂದು ಪಾರಣೆಗೆ ಕುಳಿತಿದ್ದರು. ಪೇಟೆಯಿಂದ ತಂದ ಅಲಸಂದೆಯನ್ನು ಬೇಯಿಸಿ ಹುಳಿ ಮಾಡಿದ್ದೆ. ಅಂಗಡಿಯವರು ಈ ವರ್ಷದ ಹೊಸ ಕಾಳೆಂದೇ ಹೇಳಿ ಕೊಟ್ಟಿದ್ದರು. ನಾನೂ ಮೊರದಲ್ಲಿ ಕೇರಿ, ಕಲ್ಲು ಕಡ್ಡಿ ಆರಿಸಿ, ಸೋಸಿದ ನೀರಿನಲ್ಲಿ ತೊಳೆದಿದ್ದೆ. ಎರಡನೆಯ ತುತ್ತಿನಲ್ಲಿ ಅವರ ಬೆರಳಿಗೆ ಸಿಕ್ಕ ಕಾಳು ಎರಡು ಹೋಳಾಗಿ ತೆರೆದುಕೊಂಡಿತು. ಒಳಗೆ ಬೆಂದ ಬಿಳಿಯ ಹುಳು ಇತ್ತು. ಅವರು ಏನೂ ನುಡಿಯದೆ ಕೈಬಿಟ್ಟು ಎದ್ದರು. ಅಂತರಾಯವಾಯಿತು, ಆ ದಿನವೂ ಆಹಾರವಿಲ್ಲ. ಎಪ್ಪತ್ತು ದಾಟಿದ ಜೀವ ಎರಡು ಹಗಲು ಮೂರು ರಾತ್ರಿ ನಿರಾಹಾರವಾಗಿ ಉಳಿಯಿತು. ಸಂಜೆ ನಾನು ಅಳುತ್ತ ಬಳಿ ಕುಳಿತಾಗ ಅವರೆಂದದ್ದು ಇಷ್ಟೇ: "ಮಳೆಗಾಲಕ್ಕೆ ಇಡಿ ಕಾಳು ಇಡಬಾರದಮ್ಮ. ಸುಗ್ಗಿಯಲ್ಲೇ ಒಡೆದಿಡಬೇಕು. ನಿನಗೆ ಹೇಳಿಕೊಡದೆ ಹೋದದ್ದು ನನ್ನ ತಪ್ಪು."

ಆ ಮಾತಿನ ಮೂಲ ನನಗೆ ತಿಳಿದದ್ದು ಬಹಳ ದಿನಗಳ ಮೇಲೆ, ಸ್ವಾಧ್ಯಾಯದಲ್ಲಿ ಪಂಡಿತ ಆಶಾಧರರ ಸಾಗಾರಧರ್ಮಾಮೃತವನ್ನು ಓದುವಾಗ. 13ನೆಯ ಶತಮಾನದ ಈ ಗೃಹಸ್ಥ ವಿದ್ವಾಂಸರು ಭೋಗೋಪಭೋಗ ಪರಿಮಾಣದ ಪ್ರಕರಣದಲ್ಲಿ ದ್ವಿದಳದ ವಿಷಯವಾಗಿ ಮೂರು ಮಾತುಗಳನ್ನು ಒಂದೇ ಶ್ಲೋಕದಲ್ಲಿ ಅಡಕ ಮಾಡಿದ್ದಾರೆ. ಹಸಿ ಗೋರಸದೊಡನೆ ಬೆರೆತ ದ್ವಿದಳವನ್ನು ಸೇವಿಸಬಾರದು. ಹಳೆಯದಾದ ದ್ವಿದಳವನ್ನು ಬಹುಮಟ್ಟಿಗೆ ಸೇವಿಸಬಾರದು. ಮಳೆಗಾಲದಲ್ಲಿ ಒಡೆಯದಿರುವ ದ್ವಿದಳವನ್ನು ಸೇವಿಸಬಾರದು. ಸೊಪ್ಪಿನ ನಿಷೇಧವೂ ಇದೇ ಮಳೆಗಾಲದ ಮಾತಿಗೆ ಸೇರಿಕೊಂಡಿದೆ. ಮೊದಲನೆಯ ಮಾತು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಮೊಸರು ಬೇಳೆ ಕೂಡದು ಎಂಬುದನ್ನು ಮಕ್ಕಳೂ ಬಲ್ಲರು. ಸೊಪ್ಪಿನ ಮಾತನ್ನೂ ಬಹಳ ಮನೆಗಳು ಚಾತುರ್ಮಾಸದಲ್ಲಿ ಪಾಲಿಸುತ್ತವೆ. ನಡುವಿನ ಎರಡು ಮಾತುಗಳು ಮಾತ್ರ ಮರೆತುಹೋಗುತ್ತಿವೆ. ಅವು ಏಕೆ ಒಂದೇ ಎಳೆಯಲ್ಲಿ ಬಂದವೆಂಬುದು ಕಾಳಿನ ಹುಳುವಿನ ಜೀವನಕ್ರಮವನ್ನು ನೋಡಿದರೆ ಸ್ಪಷ್ಟವಾಗುತ್ತದೆ.

ಅಕ್ಕಿ ಗೋದಿಗಳಿಗೆ ಬೀಳುವ ನುಸಿ ಬೇರೆ, ಕಾಳನ್ನು ಕೊರೆಯುವ ಹುಳು ಬೇರೆ. ಇದರ ಪ್ರೌಢರೂಪ ಕಂದುಬಣ್ಣದ ಪುಟ್ಟ ದುಂಬಿ. ಹೆಣ್ಣುದುಂಬಿ ಇಡಿ ಕಾಳಿನ ನುಣುಪಾದ ಸಿಪ್ಪೆಯ ಮೇಲೆ ಸಾಸಿವೆಗಿಂತಲೂ ಚಿಕ್ಕದಾದ ಮೊಟ್ಟೆಗಳನ್ನು ಅಂಟಿಸುತ್ತದೆ. ಮೊಟ್ಟೆಯೊಡೆದ ಮರಿ ಹೊರಗೆ ಬರುವುದೇ ಇಲ್ಲ. ಮೊಟ್ಟೆ ಅಂಟಿದ ಜಾಗದಿಂದ ನೇರವಾಗಿ ಕಾಳಿನೊಳಕ್ಕೆ ಕೊರೆದುಕೊಂಡು ಹೋಗಿ, ಅಲ್ಲೇ ತಿಂದು, ಬೆಳೆದು, ಕೋಶವಾಗಿ, ಕೊನೆಗೆ ಗುಂಡಾದ ಕಿಟಕಿಯನ್ನು ಕೊರೆದು ದುಂಬಿಯಾಗಿ ಹೊರಬೀಳುತ್ತದೆ. ನಮ್ಮ ಬೆಚ್ಚನೆಯ ಹವೆಯಲ್ಲಿ ಇದಕ್ಕೆಲ್ಲ ಬೇಕಾಗುವುದು ಹೆಚ್ಚುಕಡಿಮೆ ಒಂದು ತಿಂಗಳು. ಹೊರಬಿದ್ದ ದುಂಬಿಗೆ ಆಹಾರದ ಅಗತ್ಯವೂ ಇಲ್ಲ. ಕೂಡಲೆ ಮತ್ತೆ ಮೊಟ್ಟೆಯಿಡಲು ತೊಡಗುತ್ತದೆ. ಆದುದರಿಂದ ತೂತು ಬಿದ್ದ ಕಾಳೆಂದರೆ ಹುಳು ಹೊರಟುಹೋದ ಮನೆ. ಹುಳುವಿರುವ ಕಾಳಿಗೆ ತೂತು ಕಾಣುವುದಿಲ್ಲ. ಅಂದು ನಾನು ತೂತುಗಳನ್ನಷ್ಟೇ ಹುಡುಕಿದ್ದೆ.

ನೀರಿನಲ್ಲಿ ಹಾಕಿ ತೇಲಿದ್ದನ್ನು ತೆಗೆಯುವ ಪರೀಕ್ಷೆಯೂ ಇದಕ್ಕೆ ಸಾಲದು. ಟೊಳ್ಳಾದ ಕಾಳು ತೇಲುತ್ತದೆ, ನಿಜ. ಆದರೆ ನಾಲ್ಕು ದಿನದ ಮರಿಯಿರುವ ಕಾಳು ಒಳ್ಳೆಯ ಕಾಳಿನಷ್ಟೇ ಭಾರವಾಗಿ ತಳ ಸೇರುತ್ತದೆ. ಮೇಲಾಗಿ ನೀರಿಗೆ ಹಾಕಿದ ಮೇಲೆ ಪರೀಕ್ಷೆ ಮಾಡುವುದು ಜೀವರಕ್ಷಣೆಯ ದೃಷ್ಟಿಯಿಂದ ತಡವಾದ ಮಾತು. ಒಣಗಿರುವಾಗಲೇ ಬಿಳಿಯ ಬಟ್ಟೆಯ ಮೇಲೆ ಹರಡಿ, ಹಗಲು ಬೆಳಕಿನಲ್ಲಿ ನೋಡಬೇಕು. ಸಿಪ್ಪೆಯ ಮೇಲೆ ಸುಣ್ಣದ ಚುಕ್ಕೆಯಂತಹ ಬಿಳಿಯ ಬೊಟ್ಟು ಕಂಡರೆ ಅದು ಮೊಟ್ಟೆ. ಸಿಪ್ಪೆಯೊಳಗೆ ಗುಂಡಾದ ಮಸುಕು ವೃತ್ತ ಕಂಡರೆ ದುಂಬಿ ಹೊರಬೀಳಲು ಸಿದ್ಧವಾಗಿದೆ. ಅಂತಹವನ್ನು ಬೆಂಕಿಗೂ ಸುಡುಬಿಸಿಲಿಗೂ ಹಾಕದೆ ನೆರಳಿನ ಮೂಲೆಯಲ್ಲಿ ಇಡತಕ್ಕದ್ದು.

ಈಗ ನಮ್ಮ ಸೀಮೆಯ ಬೆಳೆಯ ಕಾಲವನ್ನು ಇದರೊಡನೆ ಹೊಂದಿಸಿ ನೋಡಬೇಕು. ಕಾರ್ತಿಕ ಮಾಸದಲ್ಲಿ ಪಂಡಿತನಹಳ್ಳಿಯ ಮಂದರಗಿರಿಯ ಬಸದಿಗಳನ್ನು ದರ್ಶಿಸಿ ಕೆಳಗಿಳಿದು ಬರುವವರು, ಇಲ್ಲವೆ ಗುಬ್ಬಿಯ ಕಡೆ ನಿಟ್ಟೂರಿನ ಹೊಯ್ಸಳ ಕಾಲದ ಬಸದಿಗೆ ಹೋಗುವವರು, ದಾರಿಯುದ್ದಕ್ಕೂ ರಾಗಿಯ ಹೊಲಗಳ ನಡುವೆ ಅವರೆ ತೊಗರಿಗಳ ಅಕ್ಕಡಿ ಸಾಲುಗಳನ್ನು ಕಂಡಿರಬಹುದು. ರಾಗಿ ಕೊಯ್ದಮೇಲೂ ಈ ಸಾಲುಗಳು ನಿಂತೇ ಇರುತ್ತವೆ. ಪುಷ್ಯ ಮಾಘಗಳಲ್ಲಿ ಅವರೆ ಒಣಗುತ್ತದೆ, ತೊಗರಿ ಕಣಕ್ಕೆ ಬರುತ್ತದೆ. ಹಿಂಗಾರಿನಲ್ಲಿ ಚೆಲ್ಲಿದ ಹುರುಳಿಯೂ ಆಗಲೇ ಕೈಸೇರುತ್ತದೆ. ಇವು ಭಾದ್ರಪದಕ್ಕೆ ಆರೇಳು ತಿಂಗಳ ಹಳೆಯವು. ಹೆಸರು ಅಲಸಂದೆಗಳ ಕ್ರಮ ಬೇರೆ. ಅಶ್ವಿನಿ ಭರಣಿ ಮಳೆಗಳಿಗೆ ಬಿತ್ತಿ ಆಷಾಢದ ಹೊತ್ತಿಗೆ ಬಿಡಿಸುವ ಈ ಕಾಳುಗಳು ಭಾದ್ರಪದದಲ್ಲಿ ಹೊಸವೇ ಹೌದು. ಆದರೆ ಎರಡು ತಿಂಗಳೆಂದರೆ ಹುಳುವಿನ ಎರಡು ತಲೆಮಾರು. ಕೆಲವೊಮ್ಮೆ ಹೊಲದಲ್ಲಿ ಬಲಿತ ಕಾಯಿಯ ಮೇಲೆಯೇ ದುಂಬಿ ಮೊಟ್ಟೆಯಿಟ್ಟಿರುವುದೂ ಉಂಟು. ಅಂಗಡಿಯವರು ಹೊಸ ಕಾಳೆಂದದ್ದು ಸುಳ್ಳಲ್ಲ. ಹೊಸದಾದ ಮಾತ್ರಕ್ಕೆ ನಿರ್ದೋಷವೆಂದು ನಾನು ತಿಳಿದದ್ದು ತಪ್ಪು. ಆಶಾಧರರು ಹಳೆಯದನ್ನು ಬಿಡಿರೆಂದು ಅಷ್ಟಕ್ಕೆ ನಿಲ್ಲಿಸದೆ, ಮಳೆಗಾಲದಲ್ಲಿ ಒಡೆಯದ ಕಾಳನ್ನು ಬಿಡಿರೆಂದು ಬೇರೆಯಾಗಿ ಹೇಳಿದ್ದರ ಬೆಲೆ ಇಲ್ಲಿ ತಿಳಿಯುತ್ತದೆ. ಈಗ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ಹೆಬ್ಬಾಳ ಅವರೆ ತಳಿಗಳಿಂದ ಅವರೆಯೂ ಕಾಲಕ್ಕೆ ಕಟ್ಟುಬೀಳದೆ ವರ್ಷದ ಯಾವ ತಿಂಗಳಲ್ಲಾದರೂ ಬರುವಂತಾಗಿದೆ. ಹೊಸದು ಹಳೆಯದೆಂಬ ಲೆಕ್ಕ ಇನ್ನಷ್ಟು ಸಡಿಲವಾಗಿರುವಾಗ ಒಡೆದದ್ದು ಒಡೆಯದ್ದು ಎಂಬ ಲೆಕ್ಕವೇ ಗಟ್ಟಿಯಾಗಿ ಉಳಿಯುವುದು.

ಒಡೆದ ಬೇಳೆಗೆ ಈ ದುಂಬಿ ಸುಲಭವಾಗಿ ವಶವಾಗುವುದಿಲ್ಲ. ಅದಕ್ಕೆ ಮೊಟ್ಟೆಯಿಡಲು ಸಿಪ್ಪೆಯಿರುವ ದುಂಡು ಕಾಳೇ ಹಿತ. ಬೇಳೆಯ ಎರಡು ಮುಖಗಳೂ ಕಣ್ಣಿಗೆ ತೆರೆದಿರುವುದರಿಂದ ದೋಷವಿದ್ದರೂ ಅಡಗಿರಲಾರದು. ಆದರೆ ಇಲ್ಲೊಂದು ಎಚ್ಚರಿಕೆ ಅವಶ್ಯ. ಮಳೆಗಾಲದಲ್ಲಿ ಹುಳು ಸೇರಿದ ಕಾಳನ್ನು ತಂದು ಬೀಸುವ ಕಲ್ಲಿಗೆ ಹಾಕಿದರೆ ನಿಯಮದ ಅಕ್ಷರ ಉಳಿದು ಅರ್ಥ ಹೋಯಿತು. ಗೃಹಸ್ಥನ ಪಂಚಸೂನಗಳಲ್ಲಿ ಬೀಸುವ ಕಲ್ಲೂ ಒಂದೆಂಬುದನ್ನು ಮರೆಯಲಾಗದು. ಅತ್ತೆಯವರ ಮಾತಿನಲ್ಲಿ 'ಸುಗ್ಗಿಯಲ್ಲೇ' ಎಂಬ ಪದಕ್ಕೆ ತೂಕವಿದ್ದುದು ಇದಕ್ಕಾಗಿ. ಕಾಳು ಕಣದಿಂದ ಬಂದ ಕೂಡಲೆ, ಮಾಘ ಫಾಲ್ಗುಣಗಳ ಒಣ ಬಿಸಿಲಿನಲ್ಲಿ, ಹುಳು ಬೀಳುವ ಮೊದಲೇ ಒಣಗಿಸಿ ಒಡೆದಿಡಬೇಕು.

ಒಡೆಯುವ ರೀತಿ ಕಾಳಿಗೊಂದೊಂದು ಬಗೆ. ತೊಗರಿಗೆ ನಮ್ಮ ಕಡೆ ಕೆಮ್ಮಣ್ಣು ಕಟ್ಟುತ್ತಾರೆ. ಕೆಮ್ಮಣ್ಣಿನ ರಾಡಿಯನ್ನು ಕಾಳಿಗೆಲ್ಲ ಹತ್ತಿಸಿ ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿದರೆ ಸಿಪ್ಪೆ ಸಡಿಲಗೊಂಡು, ಕಲ್ಲಿನಲ್ಲಿ ಒಡೆಯುವಾಗ ಬೇಳೆ ಚೂರಾಗುವುದಿಲ್ಲ. ಹೆಸರಿಗೆ ಇಷ್ಟು ಶ್ರಮ ಬೇಡ. ಬಾಣಲೆಯಲ್ಲಿ ಬೆಚ್ಚಗೆ ಹುರಿದು ಕಲ್ಲಿನಲ್ಲಿ ಎರಡು ಸುತ್ತು ತಿರುಗಿಸಿ ಕೇರಿದರೆ ಆಯಿತು. ಹುರುಳಿಯನ್ನು ಮಾತ್ರ ಪರಿಮಳ ಬರುವಷ್ಟು ಹುರಿಯಬೇಕು. ಹುರಿದು ಒಡೆದ ಹುರುಳಿಬೇಳೆಯನ್ನು ಇಂದು ಕೆಲವೇ ಮನೆಗಳಲ್ಲಿ ಕಾಣುತ್ತೇವೆ. ಕುಣಿಗಲಿನ ಕಡೆಯಿಂದ ಬಂದ ನಮ್ಮ ಅತ್ತೆಯವರು ಇದನ್ನು ವರ್ಷಕ್ಕೆ ಎರಡು ಸೇರು ಮಾಡಿಡುತ್ತಿದ್ದರು, ಈಗ ನಾನು ಮಾಡುತ್ತೇನೆ. ಬೀಸುವ ಕಲ್ಲಿಲ್ಲದ ಮನೆಯವರು ಮಿಕ್ಸಿಯಲ್ಲಿ ಸ್ವಲ್ಪ ಸ್ವಲ್ಪವಾಗಿ, ಕ್ಷಣಮಾತ್ರ ತಿರುಗಿಸಿ ನಿಲ್ಲಿಸಿದರೆ ಸಾಕು. ಅವರೆಯನ್ನು ಒಡೆದು ಮಾರುವ ಒಣ ಅವರೆಬೇಳೆ ಪೇಟೆಯಲ್ಲಿಯೇ ಸಿಗುತ್ತದೆ. ಸಿದ್ಧವಾದ ಬೇಳೆಗೆ ಕಿಲೋವಿಗೆ ಒಂದು ಚಿಕ್ಕ ಚಮಚದಷ್ಟು ಹರಳೆಣ್ಣೆ ಸವರಿ, ಒಣಗಿದ ಡಬ್ಬಿಯಲ್ಲಿ ಬಿಗಿಯಾಗಿ ಮುಚ್ಚಿಡಬೇಕು.

ಇಡಿ ಕಾಳೇ ಬೇಕೆನ್ನುವವರು ಮಳೆಗಾಲ ಕಳೆದ ಮೇಲೆ ಬಳಸಲಿ. ಬೇಸಿಗೆಯಲ್ಲಿ ತಂದ ಶುದ್ಧ ಕಾಳನ್ನು ಮೊದಲಿನಿಂದಲೇ ಫ್ರಿಜ್ಜಿನಲ್ಲಿಟ್ಟರೆ ಆ ತಂಪಿನಲ್ಲಿ ದುಂಬಿಯ ಸಂತಾನ ಬೆಳೆಯುವುದಿಲ್ಲ. ಇದು ಒಳ್ಳೆಯ ಉಪಾಯವೇ. ಹುಳು ಬಿದ್ದ ಮೇಲೆ ಹಿಮಪೆಟ್ಟಿಗೆಯಲ್ಲಿಟ್ಟು ಶುದ್ಧಮಾಡಿರೆಂದು ಈಗ ಕೆಲವರು ಸಲಹೆ ಕೊಡುತ್ತಾರೆ. ಅದು ಶುದ್ಧಿಯಲ್ಲ, ವಧೆ. ದೊಡ್ಡ ಗೋದಾಮುಗಳಲ್ಲಿ ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆಯ ಹೊಗೆ ಹಾಕುವುದೂ ಅದೇ ಜಾತಿಯ ಕೆಲಸ. ಪೇಟೆಯ ಕಾಳನ್ನು ಕೊಳ್ಳುವ ನಮಗೆ ಅದರ ಪಾಲು ತಪ್ಪಿದ್ದಲ್ಲ ಎಂಬ ಸಂಕಟ ನನಗಿದೆ. ಸುಗ್ಗಿಯಲ್ಲಿ ನೇರವಾಗಿ ಬೆಳೆಗಾರರಿಂದ ಕೊಂಡರೆ ಆ ಪಾಲು ಸ್ವಲ್ಪಮಟ್ಟಿಗೆ ಕಡಿಮೆಯಾದೀತು.

ಇನ್ನು ಬೇಯಿಸುವ ವಿಚಾರ. ರಾತ್ರಿ ಕಾಳು ನೆನೆಹಾಕಿ ಬೆಳಿಗ್ಗೆ ಬೇಯಿಸುವುದು ಸುತ್ತಮುತ್ತಲ ಎಲ್ಲರ ವಾಡಿಕೆ. ಮೊಳಕೆಕಾಳಿನ ಸಾರಂತೂ ನಮ್ಮ ಜಿಲ್ಲೆಯ ಮುದ್ದೆಯೂಟದ ಹೆಮ್ಮೆ. ನಮಗೆ ಎರಡೂ ಸಲ್ಲವು. ಮೊಳಕೆಯನ್ನು ಅನಂತಕಾಯವೆಂದು ತ್ಯಜಿಸಿದ್ದೇವೆ. ಸೆಕೆಯ ದಿನಗಳಲ್ಲಿ ರಾತ್ರಿಯೆಲ್ಲ ನೆನೆದ ಹೆಸರು ಬೆಳಗಾಗುವಷ್ಟರಲ್ಲಿ ಮೊಳಕೆಯ ತುದಿ ತೋರಿಸುವುದುಂಟು. ಸೋಸಿದ ನೀರಿನ ಮರ್ಯಾದೆಯಾದರೂ ಒಂದು ಮುಹೂರ್ತ, ಎಂದರೆ 48 ನಿಮಿಷ ಮಾತ್ರ. ಈ ಕಾರಣದಿಂದ ವ್ರತದ ದಿನ ಕಾಳಿನ ತಂಟೆಯೇ ಬೇಡವೆಂದು ಅವಲಕ್ಕಿಯಲ್ಲಿ ಹೊತ್ತು ಕಳೆಯುವವರನ್ನು ನೋಡಿದ್ದೇನೆ. ಅಷ್ಟು ಅಂಜಬೇಕಾಗಿಲ್ಲ.

ಸೂರ್ಯೋದಯವಾದ ಮೇಲೆ ನೀರನ್ನು ಸೋಸಿ ಚೆನ್ನಾಗಿ ಕುದಿಸಬೇಕು. ಕುದಿಸಿದ ನೀರಿಗೆ ನಮ್ಮಲ್ಲಿ ಎಂಟು ಪ್ರಹರದ ಮರ್ಯಾದೆ ರೂಢಿಯಲ್ಲಿದೆ. ಒಂದು ಪಾಲು ಕಾಳಿಗೆ ಮೂರು ಪಾಲಿನಂತೆ ಆ ಕುದಿನೀರಿಗೆ ಆರಿಸಿ ತೊಳೆದ ಕಾಳನ್ನು ಹಾಕಿ, ಎರಡು ಮೂರು ನಿಮಿಷ ಕುದಿಸಿ, ಇಳಿಸಿ, ಮುಚ್ಚಿ ಒಂದು ಗಂಟೆ ಬಿಟ್ಟರೆ ರಾತ್ರಿಯೆಲ್ಲ ನೆನೆದಷ್ಟೇ ಉಬ್ಬುತ್ತದೆ. ಮೊಳೆಯುವ ಪ್ರಶ್ನೆಯೂ ಇಲ್ಲ. ಬಳಿಕ ಹುರುಳಿಯಾದರೆ ಕುಕ್ಕರಿನಲ್ಲಿ 15ರಿಂದ 20 ನಿಮಿಷ ಸಾಕು. ಬಾಯ್ತೆರೆದ ಪಾತ್ರೆಯಲ್ಲಿ ಒಂದು ಗಂಟೆಗೂ ಮಿಕ್ಕಿ ಬೇಕು. ಬೇಳೆಗಳಿಗೆ ಈ ನೆನೆಸುವಿಕೆಯೂ ಅನಾವಶ್ಯಕ.

ಕುದಿಸಿದ ನೀರಿನಿಂದ ಇನ್ನೊಂದು ಅನುಕೂಲವಿದೆ. ನಮ್ಮ ಊರುಗಳ ಕೊಳವೆಬಾವಿಯ ನೀರು ಬಹುಮಟ್ಟಿಗೆ ಗಡಸು. ನೀರಿನ ಸುಣ್ಣದ ಅಂಶವು ಕಾಳಿನ ಸಿಪ್ಪೆಯನ್ನು ಬಿಗಿಗೊಳಿಸುವುದರಿಂದ ಎಷ್ಟು ಬೇಯಿಸಿದರೂ ಮೆತ್ತಗಾಗದೆ ಉಳಿಯುತ್ತದೆ. ಕುದಿಸಿ ಆರಲು ಬಿಟ್ಟಾಗ ಆ ಸುಣ್ಣದಲ್ಲಿ ಒಂದು ಪಾಲು ತಳಕ್ಕಿಳಿಯುತ್ತದೆ. ಮೇಲಿನ ತಿಳಿಯನ್ನು ಬಗ್ಗಿಸಿಕೊಂಡು ಮತ್ತೆ ಕಾಯಿಸಿ ಬಳಸಿದರೆ ಬೇಳೆ ಬೇಗ ಬೇಯುತ್ತದೆ. ಧರ್ಮಕ್ಕಾಗಿ ಮಾಡಿದ ಕೆಲಸ ಸೌದೆಯನ್ನೂ ಉಳಿಸಿತು! ಹುಣಿಸೆಹಣ್ಣನ್ನು ಕಾಳು ಪೂರ್ತಿ ಬೆಂದಮೇಲೆ ಹಾಕತಕ್ಕದ್ದು. ಹುಳಿ ಮೊದಲೇ ಬಿದ್ದರೆ ಸಿಪ್ಪೆ ಮೆದುವಾಗದು. ಅಡಿಗೆ ಸೋಡ ಹಾಕಿ ಬೇಯಿಸುವ ಅಭ್ಯಾಸವನ್ನು ನಾನು ಒಪ್ಪುವುದಿಲ್ಲ, ಅದರಿಂದ ಕಾಳಿನ 'ಬಿ' ಜೀವಸತ್ವ ನಷ್ಟವಾಗುತ್ತದೆ. ಎಷ್ಟು ಮಾಡಿದರೂ ಬೇಯದ ಕಾಳು ಬಹಳ ದಿನ ಸೆಕೆ ಶೀತಗಳಲ್ಲಿ ಉಳಿದ ಹಳೆಯ ಕಾಳೆಂದು ತಿಳಿಯಬೇಕು.

ಪರ್ವದಿನಕ್ಕೆ ಹೊಂದುವ ಹುರುಳಿಬೇಳೆಯ ಸಾರಿನ ಕ್ರಮವನ್ನು ಬರೆಯುತ್ತೇನೆ. ಕೊತ್ತಂಬರಿ ಸೊಪ್ಪು, ಕರಿಬೇವುಗಳೂ ಹಸಿರೇ ಆದುದರಿಂದ ಇದರಲ್ಲಿ ಎಲ್ಲವೂ ಒಣ ಸಾಮಾನು. ನಾಲ್ಕೈದು ಮಂದಿಗೆ ಒಂದು ಪಾವು ಹುರುಳಿಬೇಳೆಯನ್ನು ಚಿಟಿಕೆ ಅರಿಸಿನದೊಡನೆ ಬೇಯಿಸಿ, ಕಟ್ಟನ್ನು ಬೇರೆ ಬಸಿದಿಡಬೇಕು. (ಅರಿಸಿನವನ್ನು ಒಣಗಿದ್ದರೂ ಬಿಟ್ಟವರು ಬಿಡಲಿ.) ನಾಲ್ಕು ಒಣಮೆಣಸಿನಕಾಯಿ, ಎರಡು ಚಮಚ ಧನಿಯ, ಒಂದು ಚಮಚ ಜೀರಿಗೆ, ಹತ್ತು ಕಾಳುಮೆಣಸು ಇಷ್ಟನ್ನು ಹುರಿದು, ಅರ್ಧ ಹಿಡಿ ಕೊಬ್ಬರಿ ಮತ್ತು ಬೆಂದ ಬೇಳೆಯಲ್ಲಿ ಒಂದು ಹಿಡಿ ಸೇರಿಸಿ ನುಣ್ಣಗೆ ಅರೆಯಬೇಕು. ಈರುಳ್ಳಿ ಬೆಳ್ಳುಳ್ಳಿಗಳಿಲ್ಲದೆ ಸಾರಿಗೆ ಮೈ ಬರುವುದಿಲ್ಲವೆಂದು ಹೇಳುವವರಿಗೆ ಈ ಅರೆದ ಬೇಳೆಯೇ ಉತ್ತರ. ಕಟ್ಟಿಗೆ ಅರೆದದ್ದನ್ನು ಬೆರೆಸಿ, ಹುಣಿಸೆಯ ರಸ, ಉಪ್ಪು, ಚೂರು ಬೆಲ್ಲ ಹಾಕಿ ಕುದಿಸಿ, ತುಪ್ಪದಲ್ಲಿ ಸಾಸಿವೆ ಒಗ್ಗರಣೆ ಕೊಟ್ಟರಾಯಿತು. ಉಳಿದ ಬೇಳೆಗೆ ಕೊಬ್ಬರಿ ತುರಿ ಉದುರಿಸಿ ಪಲ್ಯ ಮಾಡಬಹುದು. ಹುರುಳಿಯ ಸಾರು ಮರುದಿನ ಕಾಯಿಸಿದರೇ ರುಚಿಯೆಂದು ಊರಿನವರೆಲ್ಲ ಹೇಳುತ್ತಾರೆ. ನಮ್ಮ ಲೆಕ್ಕದಲ್ಲಿ ನೀರಿನಂಶ ಹೆಚ್ಚಿರುವ ಬೇಳೆಯ ಅಡಿಗೆಗೆ ಎರಡು ಪ್ರಹರ, ಎಂದರೆ ಆರು ಗಂಟೆಗಳ ಮರ್ಯಾದೆ. ಬೆಳಿಗ್ಗೆ ಮಾಡಿದ್ದು ಮಧ್ಯಾಹ್ನಕ್ಕೆ ಮುಗಿಯಬೇಕು. ಹಾಗಾಗಿ ಅಳತೆ ನೋಡಿ ಮಾಡುವುದು ಲೇಸು. ಸಾರಿನಪುಡಿ, ಹುರುಳಿಹಿಟ್ಟು, ಕಡಲೆಹಿಟ್ಟುಗಳಿಗೂ ಹಿಟ್ಟಿನ ಮರ್ಯಾದೆಯೇ ಅನ್ವಯ: ಮಳೆಗಾಲದಲ್ಲಿ 3 ದಿನ, ಬೇಸಿಗೆಯಲ್ಲಿ 5, ಚಳಿಗಾಲದಲ್ಲಿ 7.

ಊಟದ ಕೊನೆಗೆ ಬರುವ ಮೊಸರಿನ ವಿಷಯ ಉಳಿಯಿತು. ಮೊಸರುವಡೆ, ಕಡಲೆಬೇಳೆ ಅರೆದು ಹಾಕುವ ಮಜ್ಜಿಗೆಹುಳಿ ಇವುಗಳನ್ನು ಬಿಟ್ಟೆವೆಂದು ತೃಪ್ತರಾಗಿರುತ್ತೇವೆ. ದ್ವಿದಳವು ಹಸಿ ಗೋರಸದೊಡನೆ ಕೂಡಿ ಬಾಯಿಯ ಲಾಲೆಯನ್ನು ಸೇರಿದಾಗ ತ್ರಸಜೀವಗಳ ಉತ್ಪತ್ತಿಯಾಗುತ್ತದೆಂಬುದು ಪರಂಪರೆಯ ಮಾತು. ಇದಕ್ಕೆ ವಿಜ್ಞಾನದ ಸಾಕ್ಷಿಯನ್ನು ಎಳೆದುತರುವ ಲೇಖನಗಳನ್ನು ಓದಿದ್ದೇನೆ. ಅವು ನನಗೆ ಸಮಾಧಾನ ಕೊಡಲಿಲ್ಲ. ಆಗಮದ ಆಜ್ಞೆಯೆಂದು ನೇರವಾಗಿ ಪಾಲಿಸುವುದೇ ಪ್ರಾಮಾಣಿಕವೆಂದು ತೋರುತ್ತದೆ. ಮಜ್ಜಿಗೆಯನ್ನು ಮೊದಲೇ ಕುದಿಸಿ ಬಳಿಕ ಬೇಳೆ ಕೂಡಿಸಿದರೆ ದೋಷವಿಲ್ಲವೆನ್ನುವವರೂ, ಹಾಗೂ ಕೂಡದೆನ್ನುವವರೂ ನಮ್ಮಲ್ಲಿದ್ದಾರೆ. ನಿಯಮ ಕೊಟ್ಟ ಮುನಿಗಳೋ ಆರ್ಯಿಕೆಯರೋ ಹೇಗೆ ಹೇಳಿದ್ದಾರೋ ಅದರಂತೆ ನಡೆಯತಕ್ಕದ್ದು.

ಆದರೆ ಯಾವ ಪಕ್ಷದವರೂ ಗಮನಿಸದೆ ಜಾರುವ ಜಾಗಗಳು ಬೇರೆ ಇವೆ. ಹುಳಿ ಉಂಡ ಅದೇ ಎಲೆಯಲ್ಲಿ, ಬೇಳೆಯ ಶೇಷವಿರುವಾಗಲೇ, ಮೊಸರನ್ನ ಕಲಸುವುದು ಒಂದು. ನಮ್ಮ ಮನೆಯಲ್ಲಿ ಈಗ ಬೇಳೆಯ ಊಟ ಮುಗಿದಮೇಲೆ ನೀರಿನಿಂದ ಬಾಯಿ ಮುಕ್ಕಳಿಸಿ ಬೇರೆ ಬಟ್ಟಲಿನಲ್ಲಿ ಮೊಸರು ಬಡಿಸುತ್ತೇವೆ. ಉದ್ದಿನ ಹಪ್ಪಳವನ್ನು ಮೊಸರನ್ನಕ್ಕೆ ನಂಚಿಕೊಳ್ಳುವುದು ಇನ್ನೊಂದು; ಅಕ್ಕಿಯ ಹಪ್ಪಳವಿದ್ದರೆ ಆ ಚಿಂತೆಯಿಲ್ಲ. ನೀರುಮಜ್ಜಿಗೆಯ ಒಗ್ಗರಣೆಗೆ ಬೀಳುವ ಮೆಂತ್ಯವೂ ಎರಡು ಹೋಳಾಗುವ ಕಾಳೇ. ಎಲ್ಲಕ್ಕಿಂತ ಹೆಚ್ಚಾಗಿ, ಮೊಸರನ್ನದ ಒಗ್ಗರಣೆಗೆ ಕೈತಾನಾಗಿ ಹೋಗಿ ತೆಗೆದುಕೊಳ್ಳುವ ಆ ಅರ್ಧ ಚಮಚ ಉದ್ದಿನಬೇಳೆ ಮತ್ತು ಕಡಲೆಬೇಳೆ. ಸಾಸಿವೆ, ಜೀರಿಗೆ, ಒಂದು ಒಣಮೆಣಸಿನಕಾಯಿ ಇಷ್ಟರಿಂದಲೇ ಮೊಸರನ್ನಕ್ಕೆ ಬೇಕಾದ ಪರಿಮಳ ಬರುತ್ತದೆ. ಒಗ್ಗರಣೆ ಡಬ್ಬಿಯ ಬೇಳೆಗಳನ್ನು ತೆಗೆದು ಬೇರೆ ಡಬ್ಬಿಯಲ್ಲಿಟ್ಟು, ಅದನ್ನು ಮೊಸರಿನ ಪಾತ್ರೆಯಿಂದ ದೂರದ ಗೂಡಿನಲ್ಲಿಟ್ಟರೆ ಅಭ್ಯಾಸಬಲದಿಂದ ಕೈ ತಪ್ಪುವುದಿಲ್ಲ. ನಾನು ಹಾಗೆಯೇ ಇಟ್ಟಿದ್ದೇನೆ.